ಪಾಳಿ

ಗುಳೇದಗುಡ್ಡದಾಗ ನಾವು ಐದು ಮಂದಿ ಹೆಣ್ಮಕ್ಕಳು
ಕೂಡಿ ಒಂದು ಕಿಲೋ ಬೆಳ್ಳಿ ತಗೊಂಡ್ವಿ.
ಒಬ್ಬೊಬ್ಬರದು ಹದಿನಾಲ್ಕು ಸಾವಿರದ ಇನ್ನೂರು:
ಕಂಡಿಕಿ ಸುತ್ತಿದ್ದು, ಖಣ ಮಡಚಿದ್ದು,
ಶಾವಿಗಿ ಹೊಸೆದದ್ದು, ಗಂಡಗ ಹೇಳದ್ದು.

ಪಾವತಿ ಬರಿಯುವಾಗ ಮೌನೇಶ ಪತ್ತಾರ ಕೇಳಿದ,
ಹೆಸರು ಯಾರದು?
ಒಬ್ಬರ ಮಾರಿ ಒಬ್ಬರು ನೋಡಿದ್ವಿ.
ಐದೂ ಬರಿಯಪ್ಪ.
ಸಾಲು ಸಾಲದ ನನ್ನ ಹೆಸರು ಅಂಚಿಗೆ ಅಡ್ಡ ಬಂತು,
ಬಸ್ಸಿನ ಬಾಗಿಲದಾಗ ಜೋತುಬಿದ್ದವರಂಗ.

ಮೊಬೈಲಿನಷ್ಟ ಉದ್ದ. ಎತ್ತಿದ್ರ ಮಾತ್ರ
ಮಣಿಕಟ್ಟು ತಾನಾಗೇ ಕೆಳಗ ಬಾಗತೈತಿ.

ಎಲ್ಲಿ ಇಡೂದು? ಪಾಳಿ ಹಚ್ಚಿದ್ವಿ.
ತಿಂಗಳಿಗೊಂದು ಮನಿ, ಅಮಾಸಿ ಮರುದಿನ ಕೈ ಬದಲು.
ಗುರುಸಿದ್ದವ್ವ ಜ್ವಾಳದ ಡಬ್ಬ್ಯಾಗ ಹುಗೀತಾಳ,
ಅಂಬೂಬಾಯಿ ಹಾಸಿಗಿ ಗಂಟಿನ್ಯಾಗ.
ಕಾಶವ್ವ ಇಟ್ಟದ್ದು ಕಾಶವ್ವಗೇ ನೆನಪಿರೂದಿಲ್ಲ,
ಒಂದು ಅಮಾಸಿ ಮರುದಿನ ಐದೂ ಮಂದಿ ಅರ್ಧ ಹೊತ್ತು ಹುಡುಕಿ
ನುಚ್ಚಿನ ಮಡಿಕ್ಯಾಗ ಸಿಕ್ತು.
ಕಪ್ಪಾದ್ರ ನಾನು ವಿಭೂತಿಲೆ ತಿಕ್ಕತೀನಿ,
ಖಾತೂನಬಿ ಹಲ್ಲಿನ ಪುಡಿಲೆ.
ಕಪ್ಪು ಎರಡಕ್ಕೂ ಹೋಗತೈತಿ.

ಪತ್ತಾರನ ಬಾಗಿಲಿಗೆ ಒಂದು ಪಾಟಿ, ಬಳಪಲೆ ದಿನಾ ದರ.
ಎರಡು ವರ್ಷ ಅದು ಕುಂತಲ್ಲೇ ಕುಂತಿತ್ತು,
ಮಗ್ಗದ ಕುಣ್ಯಾಗ ಕಾಲು ಬಿಟ್ಟ ಮುದುಕನಂಗ.
ಎಲ್ಲ್ಯರ ಯುದ್ಧ ಆದ್ರ ಏರತೈತಂತ, ಅಂದ್ಲು ಅಂಬೂಬಾಯಿ.
ಹಂಗಾರ ದೇವರಿಗೆ ಏನಂತ ಬೇಡೂಣು? ಅಂದ್ಲು ಕಾಶವ್ವ.
ಯಾರೂ ಮಾತಾಡಲಿಲ್ಲ.
ಲಾಳಿ ಎರಡು ಸಲ ಆಕಡಿ ಈಕಡಿ ಹೋತು.

ನಮ್ಮತ್ತಿಗೆ ಕಿವಿ ಮಂದ.
ನಸುಕಿನ್ಯಾಗ ಫೋನ್ ಹಿಡಿದ ಮಗನ್ನ
ಬೆಳ್ಳಿ ಏರೇತೇನೋ ಅಂತ ಕೇಳಿದ್ರ
ಆಕಿ ಅಂಗಳಕ್ಕ ಹೋಗಿ, ಮೂಡಲ ದಿಕ್ಕು ನೋಡಿ ಬರತಾಳ:
ಏರೇತಿ, ಮೂರು ಮಾರು. ಏಳು, ಕಸ ಹೊಡಿ.

ಹೋದ ಚಳಿಗಾಲ ಏರಿತು ನೋಡ್ರಿ.
ಪತ್ತಾರ ದಿನಕ್ಕ ಮೂರು ಸಲ ಪಾಟಿ ಒರಸಿದ,
ಒರಸಿ ಒರಸಿ ಅಂಗಿ ತೋಳು ಬೆಳ್ಳಗಾತು.
ಲಕ್ಷ ದಾಟಿದ ದಿನ ಸಕ್ರಿ ಹಂಚಿದ್ವಿ.
ಮಾರೂಣು ಅಂದವರಿಗೆ ತಡೀರಿ ಅಂದ್ವಿ.
ತಡೀರಿ ಅಂದವರೇ ನಡುರಾತ್ರಿ ಎದ್ದು ನೀರು ಕುಡಿದ್ವಿ.

ಅದ ವಾರ ಖಾತೂನಬಿ ಬಂದ್ಲು.
ಮಗಳ ನರ್ಸಿಂಗ್ ಫೀ, ಬಾಗಲಕೋಟಿಗೆ ಸೋಮವಾರ ತುಂಬಬೇಕು.
ನನ್ನ ಎರಡನೂರು ಗ್ರಾಮು ಕೊಯ್ದು ಕೊಡ್ರಿ.
ಪತ್ತಾರ ಗರಗಸ ಇಟ್ಟವ ತಲಿ ಎತ್ತಿದ:
ಕೊಯ್ದ್ರ ಪುಡಿ ಉದುರತೈತಿ. ಪುಡಿ ಯಾರ ಪಾಲು?

ನಾಲ್ಕು ಮಂದಿ ಕೂಡಿ ರೊಕ್ಕ ಎಣಿಸಿದ್ವಿ,
ಪಾಟಿ ಮ್ಯಾಲಿನ ಅವತ್ತಿನ ದರ.
ನಿನ್ನಿ ದರ ಸಾಕು ಅಂತಾಳ ಆಕಿ,
ಇವತ್ತಿಂದ ತಗೋ ಅಂತೀವಿ ನಾವು.
ಚೌಕಾಶಿ ಉಲ್ಟಾ ನಡಿಯೂದು
ನಲವತ್ತು ವರ್ಷದಾಗ ನೋಡಿಲ್ಲ ಅಂದ ಪತ್ತಾರ.

ಒಂಬತ್ತನೇ ದಿನ ಇಳೀತು.
ನಿರಿಗಿ ಬಿಚ್ಚಿದ ಸೀರಿಯಂಗ, ಹಿಡಿಯೂದ್ರಾಗ ನೆಲಕ್ಕ.
ನಾವು ನಾಲ್ಕೂ ಮಂದಿ ಆ ಓಣಿ ಬಿಟ್ಟು
ಸುತ್ತು ಹಾಕಿ ಸಂತಿಗೆ ಹೋದ್ವಿ.
ಅಂಬೂಬಾಯಿ ಎರಡು ದಿನ ನನ್ನ ಜೋಡಿ ಮಾತು ಬಿಟ್ಲು,
ಯಾಕಂತ ಆಕಿಗೂ ಗೊತ್ತಿಲ್ಲ.

ಅಮಾಸಿ ಆತು. ಮರುದಿನದ ಪಾಳಿ ಖಾತೂನಬಿದು.
ಗುರುಸಿದ್ದವ್ವ ಯಾರನ್ನೂ ಕೇಳಲಿಲ್ಲ,
ಹಳೆ ಖಣದಾಗ ಸುತ್ತಿ ಒಯ್ದು
ಆಕಿ ಉಡ್ಯಾಗ ಹಾಕಿದ್ಲು.
ಇದ್ರಾಗ ನನ್ನ ಪಾಲಿಲ್ಲಲ್ಲಬೇ?
ಪಾಲಿಲ್ಲ. ಪಾಳಿ ಐತಲ್ಲ.

ಮುಂದಿನ ತಿಂಗಳು ನಮ್ಮ ಮನಿಗೆ ಬಂತು,
ಲಖಲಖ, ಲವಂಗದ ವಾಸನಿ.

ಇವತ್ತು ಮುಂಜಾನೆ ಆ ಓಣ್ಯಾಗ ಹಾದೆ.
ಪತ್ತಾರ ಇನ್ನೂ ಬರೆದಿದ್ದಿಲ್ಲ.
ಒದ್ದಿ ಅರಿವಿ ಆಡಿದ ಪಾಟಿ, ಕರ್‍ರಗ,
ಒಂದು ಮೂಲಿಯಿಂದ ಆರಾಕತ್ತಿತ್ತು.
ಕೈಯಾಗ ಕಾಯಿಪಲ್ಲೆ ಚೀಲ ಹಿಡಕೊಂಡು
ನಿಂತೆ,
ಆರೂತನಕ.