ಒಂದು ಸಾಲು ಹೆಚ್ಚಿಗೆ

ಹಾಸನದ ಕಾಲೇಜು ಲ್ಯಾಬಿನಲ್ಲಿ
ಮೂರು ತಿಂಗಳಿಂದ ನನ್ನದೊಂದು ಒಣ ಆಕಾಶ.
ಗಾಳಿ ಉಂಟು, ಒತ್ತಡ ಉಂಟು, ಸಮೀಕರಣ ಐದೇ.
ಘಟ್ಟ ಹತ್ತಿ ಶಿಸ್ತಾಗಿ ಇಳಿಯುತ್ತದೆ ಗಾಳಿ,
ಯಾರ ಅಂಗಿಯೂ ನೆನೆಯುವುದಿಲ್ಲ.

ಕ್ಯೂರಿಂಗ್ ವರ್ಕ್ಸಿನ ಫಿಲೋಮಿನಕ್ಕ
ಮೀಟರು ಕೆಟ್ಟ ದಿನ
ಕಾಫಿ ಬೀಜವೊಂದನ್ನು ಕಚ್ಚಿ ನೋಡಿ
"ಹನ್ನೆರಡರ ಮೇಲಿದೆ, ಇನ್ನೊಂದು ಬಿಸಿಲು ಬೇಕು" ಅಂದಳು.

ಆ ರಾತ್ರಿ ಒಂದು ಸಾಲು ಸೇರಿಸಿದೆ: ತೇವ.
ಆವಿಯಾಗುತ್ತ ಹೊತ್ತೊಯ್ದ ಬಿಸಿಯನ್ನು
ಹನಿಯಾಗುತ್ತ ಹಿಂದಿರುಗಿಸಬೇಕು. ಕೈಗಡದ ಲೆಕ್ಕ, ಅಷ್ಟೇ.

ಸಕಲೇಶಪುರದ ಚೌಕದಲ್ಲೊಂದು ಅಂಕಿ
ಉಬ್ಬಿ ಉಬ್ಬಿ
ಅಂಕಿಯೇ ಅಲ್ಲದಾಗಿ ಎಲ್ಲ ನಿಂತಿತು.
ಕಾಲದ ಹೆಜ್ಜೆ ಅರ್ಧ ಮಾಡಿದೆ. ಮತ್ತೆ ಅರ್ಧ.

ನಸುಕಿಗೆ, ಅರಸೀಕೆರೆಯಲ್ಲಿ ಸೊನ್ನೆ;
ಬಿಸಿಲೆಯಲ್ಲಿ
ಸೊನ್ನೆ, ಬಿಂದು, ಸೊನ್ನೆ, ನಾಲ್ಕು.

ಆ ಬಿಂದುವನ್ನೇ ನೋಡುತ್ತ ಕೂತೆ,
ಒಣಗೀತೆಂದು ರೆಪ್ಪೆ ಮುಚ್ಚದೆ.