ಕೆಂಪು ದಾರ ಸಾಲಲಿಲ್ಲ

ಗಂಜಿನ ದಾಲ್ ಮಿಲ್ಲಿನಿಂದ ಮನಿಗಿ ಬಂದ್ರ
ಕಿವ್ಯಾಗ ಇನ್ನಾ ತೊಗರಿ ಧೂಳು.
ಚಪ್ಪಲ್ ಬಿಡೂದ್ರಾಗ ಅವ್ವ ಅಂತಾಳ:
"ಸುದ್ದಿ ಗೊತ್ತಾತೇನಪಾ, ಆ ಹುಡುಗ ಸಿಕ್ಕಬಿದ್ದ!"
ಯಾವ ಹುಡುಗ?
ಹಾಲಿನ ಚಂದಪ್ಪನ ಮಗನೇನು?
ಅಲ್ಲ. ಕೆಂಪು ಶಾಲಿನವ,
ಮಾಡದಾಗ ತೇಲೂ ಊರಿನವ,
ನನ್ನ ಮಗಳು ಮಯೂರಿ ಫೋನಿನಾಗ ಇರಾವ.

ಅವನ ಭಾಷಾ ಅವ್ವಗ ತಿಳಿಯಲ್ಲ,
ಕೆಳಗ ಓಡೂ ಅಕ್ಷರ ಓದ್ಲಾಕ ಬರಲ್ಲ.
ಮೊಮ್ಮಗಳು ಅರ್ಧ ಓದಿ ಹೇಳ್ತಾಳ,
ಉಳಿದರ್ಧ ಅವ್ವ ತಾನೇ ಹಚ್ಚಿ ಹೊಲೀತಾಳ.
"ಆ ಬಿಳಿಗೂದಲಿನ ಸರದಾರ ಅದಾನಲ್ಲ,
ಮಾರಿ ನೋಡು, ಥೇಟ್ ನಮ್ಮ ಆಳಂದದ ಬೀಗ!
ಬಾಯಿ ನಗ್ತದ, ಕಣ್ಣು ನಗಲ್ಲ.
ಅವನ ಮನ್ಯಾಗ ನೀರು ಸೈತ ಕುಡೀಬ್ಯಾಡ ಅನ್ನು
ಆ ಹುಡುಗಗ."
ಬಡಿಯೂ ಕೈ ನಿಂತಿಲ್ಲ,
ಹಂಚಿನ ಮ್ಯಾಲಿನ ರೊಟ್ಟಿ ಮಾತ್ರ ಕರ್ರಗಾತು.

ನಾ ನಗಬಾರದು.
ಹನ್ನೆರಡರ ವಯಸ್ಸಿನಾಗ ನಾನು, ಖಯ್ಯೂಮ
ಕಡ್ಡಿಪೆಟ್ಟಿಗಿ ಚಿತ್ರ ಕೂಡಸ್ಲಾಕ
ಬಸ್ ಸ್ಟ್ಯಾಂಡಿನ ಬಾಕಿನ ಕೆಳಗ ತೆವಳಿದವರು.
ಮೂರು ಬಾಲದ ಹುಲಿ, ಅದೊಂದೇ,
ಊರೆಲ್ಲಾ ಹುಡುಕಿದ್ರೂ ಸಿಗಲಿಲ್ಲ.
ಈಗ ಅಂವ ಸೂಪರ್ ಮಾರ್ಕೆಟ್ಟಿನಾಗ
ಕಣ್ಣಿಗೆ ಭೂತಗನ್ನಡಿ ಸಿಗಿಸ್ಕೊಂಡು
ಮಂದಿ ಗಡಿಯಾರ ಬಿಚ್ಚತಾನ.
ಒಮ್ಮೊಮ್ಮೆ ಫೋನ್ ಮಾಡತಾನ.
ಸಲಾಮಿಲ್ಲ, ಆರಾಮೇನು ಅಂತಿಲ್ಲ:
"ಹುಲಿ ಸಿಕ್ತೇನೋ?"
"ಇಲ್ಲೋ."
ಅಷ್ಟೇ. ಇಟ್ಟಬಿಡತಾನ.
ಆ ದಿನ ತೊಗರಿ ಚೀಲ ಯಾಕೋ ಹಗರ.

ಕಾಲೇಜಿನಾಗ ವೇಷ ಹಾಕೂದದಾ ಅಂತ
ಮಯೂರಿ, ರುಖಿಯಾ, ಎದುರು ಮನಿ ಸುವರ್ಣಿ
ಕೆಂಪು ಅರಿಬಿ ಹುಡುಕಿ ಹುಡುಕಿ ಸಾಕಾದ್ರು.
ಅವ್ವ ಟ್ರಂಕ್ ತೆಗದಳು.
ಡಾಂಬರ್ ಗುಳಿಗಿ ವಾಸನಿ.
ಅಪ್ಪನ ರುಮಾಲು, ಒಂಬತ್ತು ಮೊಳ,
ಹನ್ನೊಂದು ವರ್ಷ ಯಾರೂ ಮಡಿಕಿ ಬಿಚ್ಚದ್ದು.
"ಅವ್ವಾ, ಅದು ಬ್ಯಾಡ," ಅಂದೆ.
ಆಕಿ ಕತ್ತರಿ ಹಾಕೇಬಿಟ್ಟಿದ್ದಳು:
"ತಲಿ ಮ್ಯಾಲಿದ್ದದ್ದು ಹೆಗಲಿಗಿ ಇಳೀತದ,
ಇಷ್ಟೇ ಅಲ್ಲೇನು?"

ಕಡೀ ಕಂತಿನ ರಾತ್ರಿ ಕರೆಂಟ್ ಹೋತು.
ಬ್ಯಾಸಗಿ. ಮಾಳಗಿ ಮ್ಯಾಲ ಶಹಾಬಾದ್ ಕಲ್ಲು
ಹಗಲಿನ ಬಿಸಿಲು ಇನ್ನಾ ಉಗುಳ್ಲಾಕತ್ತಿತ್ತು.
ಎರಡು ಕೊಡ ನೀರು ಹಾಕಿ ಚಾಪಿ ಹಾಸಿದಿವಿ.
ತಂಬಗಿಗಿ ಆತು ನಿಂತ ಫೋನು,
ಅದರ ಸುತ್ತ ಆರು ಮಾರಿ.
ರುಖಿಯಾ ತಂದ ತಹರಿ ಡಬ್ಬಿ ಬಿಚ್ಚಿದ್ರೂ
ಚಮಚ ಯಾರ ಕೈಯಾಗೂ ಇಲ್ಲ.
"ಇದೆಂಥಾ ಹುಚ್ಚು" ಅಂತಿದ್ದ ನನ್ನ ಹೆಣ್ತಿ ಜಗದೇವಿ
ನನ್ನ ಮೊಳಕೈ ಹಿಡದಾಳ, ತನಗೇ ಗೊತ್ತಿಲ್ಲ.

ಹುಡುಗ ಬಿದ್ದ.
ಶಾಲು ಒಂದೇ ಗಾಳ್ಯಾಗ ತೇಲ್ಕೊತ ಹೋತು.

ಓಣಿಯೆಲ್ಲಾ ಹೋ ಅಂತು. ನಮ್ಮ ಹುಡುಗನ ಸಲುವಾಗಿ ಅಲ್ಲ,
ಕರೆಂಟ್ ಬಂದಿತ್ತು.
ನಾವ್ಯಾರೂ ಮ್ಯಾಲ ಏಳಲಿಲ್ಲ.
ಅವ್ವ ಸೆರಗಿನಿಂದ ಮೂಗು ಒರಸಿ
ಸಾವಿನ ಮನಿ ಹಿರೇಮನುಷ್ಯಾಳಂಗ ಅಂದಳು:
"ಎಲ್ಲಾರೂ ಕೈಕಾಲು ತೊಳಕೊಂಡು ಬರ್ರಿ."
ಸುವರ್ಣಿ ಮೊದಲು ಫಕ್ಕನ ನಕ್ಕಳು,
ಆಮ್ಯಾಲ ಎಲ್ಲಾರೂ, ಹೊಟ್ಟಿ ಹಿಡ್ಕೊಂಡು,
ಅಳ್ಕೋತನೇ. ಅವ್ವನೂ.
ತಹರಿ ತಣ್ಣಗಾಗಿ ಭಾಳ ರುಚಿ ಇತ್ತು.
ಒಂದು ಮಾಲ್ದಿ ಉಂಡಿ ಮಾತ್ರ ಅವ್ವ
ಕುಂಬಿ ಮ್ಯಾಲ ಬ್ಯಾರೆ ಇಟ್ಟಳು.
ಯಾರಿಗಂತ ಯಾರೂ ಕೇಳಲಿಲ್ಲ.

ಮುಂಜಾನೆ ಅದಕ್ಕ ಇರುವಿ ಸಾಲು.
"ಮುಂದಿಂದು ಯಾವಾಗ?" ಅಂದಳು ಅವ್ವ.
"ಬರೂ ವರ್ಷ, ಆಯಿ. ಸತ್ತಿಲ್ಲಂತನೂ ಅನ್ಲಾಕತ್ತಾರ."
"ನಂಗೊತ್ತಿತ್ತು. ಶಾಲು ಅಷ್ಟೇ ಅಲ್ಲ ಹೋಗಿದ್ದು?
ಹಂಗಾರ ಅಲ್ಲಿತನ ನಾ ಇರಬೇಕಾತು."
ಹಿಂಗಂದು, ಚಾ ಬಸಿಯಾಗ ಸುರುವಿ, ನನ್ನ ಕಡಿ ಹೊಳ್ಳಿ:
"ಅಂಚು ಇನ್ನಾ ಅರ್ಧ ಉಳದದ.
ಮಿಲ್ಲಿನಿಂದ ಬರೂ ಮುಂದ ಕೆಂಪು ದಾರ ತಗೊಂಡು ಬಾ.
ಗುಲಾಬಿ ತರಬ್ಯಾಡ, ಹ್ವಾದ ಸಲದಂಗ.
ಕೆಂಪು."