ಎಡ ಮೊದಲು

ಕಾಕುನೊದಾತೆ. ಕಪ್ಪು ಹಲಗೆಬೇಲಿಗಳ ಬೀದಿ,
ಬೇಲಿಯ ಮೇಲೆ ಒಂದು ಗೇಣು ಹಿಮ.
ಮೂರು ಸಾವಿರ ಯೆನ್ ಕೊಟ್ಟರೆ ಇಪ್ಪತ್ತು ನಿಮಿಷ
ಯಾರು ಬೇಕಾದರೂ ಸಮುರಾಯಿ.

ಶಿಗೆನೊ ಅಜ್ಜಿಗೆ ಎಂಬತ್ತನಾಲ್ಕು.
ಮೊಣಕಾಲೂರಿ ನನ್ನ ಕಣಕಾಲಿಗೆ ಪಟ್ಟಿ ಕಟ್ಟುತ್ತಾಳೆ,
ಮೊದಲು ಎಡ, ಆಮೇಲೆ ಬಲ.
ಬಲ ಮೊದಲಾದರೆ? ಎಂದೆ.
"ಏನೂ ಆಗುವುದಿಲ್ಲ. ಎಡ ಮೊದಲು."

ಎದೆಗವಚದ ದಾರ ಬಿಗಿದಾಗ
ಉಸಿರು ಅರ್ಧಕ್ಕೇ ನಿಂತಿತು.
ಹೇಗೆಂದು ತೋರಿಸಲು ಅವಳು
ತನ್ನ ಹೊಟ್ಟೆಯನ್ನೇ ಒಳಗೆಳೆದುಕೊಂಡಳು.
ಶಿರಸ್ತ್ರಾಣ ಕೂತದ್ದೇ ತಡ, ಮೂಗಿನ ತುದಿ ನವೆ;
ಕೈಗವಸಿನ ಬೆರಳಿಗೆ ಮೂಗು ಸಿಗಲೊಲ್ಲದು.
ಇಷ್ಟೆಲ್ಲ ಹೊತ್ತು ಗುಡ್ಡ ಹತ್ತಿದವರು
ಮೂಗು ನವೆಯಾದರೆ ಏನು ಮಾಡುತ್ತಿದ್ದರೋ,
ಎಲ್ಲೂ ಓದಿದ ನೆನಪಿಲ್ಲ.

"ಕೋಪ! ಇನ್ನೂ ಕೋಪ!" ಕೂಗಿದ ಫೋಟೋ ತೆಗೆಯುವ ಹುಡುಗ.
ಹುಬ್ಬು ಗಂಟಿಕ್ಕಿ ಅಲ್ಯೂಮಿನಿಯಂ ಕತ್ತಿ ಎತ್ತಿದೆ.
ಕನ್ನಡಿಯಲ್ಲಿ ನಿಂತಿದ್ದ
ಹಲ್ಲುನೋವಿನ ಮನುಷ್ಯ.

ಕಳಚುವಾಗ ಕೇಳಿದೆ: ನಿಮ್ಮದೂ ಅದೇ ಮನೆತನವೇ?
ಹೂಂ, ಅಂದಳು, ಗಂಟಿಗೆ ಉಗುರು ಹಾಕುತ್ತ.
"ಕೆಳದರ್ಜೆ. ಸೊಂಟದಲ್ಲಿ ಕತ್ತಿ ಎರಡು,
ಮಡಕೆಯಲ್ಲಿ ಅಕ್ಕಿ ಅರೆಹೊಟ್ಟೆಗೆ.
ತಲೆಮಾರುಗಟ್ಟಲೆ ಯುದ್ಧವೇ ಬರಲಿಲ್ಲ.
ಚಳಿಗಾಲವಿಡೀ ಬಾಗಿಲು ಹಾಕಿಕೊಂಡು
ಚೆರ್ರಿ ಮರದ ತೊಗಟೆ ಅಂಟಿಸಿ ಡಬ್ಬಿ ಮಾಡುತ್ತಿದ್ದರು.
ಮಾರಲು ಹೆಂಗಸರು ಹೋಗುತ್ತಿದ್ದರು.
ಸಮುರಾಯಿ ಚೌಕಾಸಿ ಮಾಡುವ ಹಾಗಿಲ್ಲವಲ್ಲ."

ಮತ್ತೆ, ಆ ಕತ್ತಿಗಳು?

"ಒಂದನ್ನು ಯಾವಾಗಲೋ ತಿಂದೆವು.
ಇನ್ನೊಂದು, ಸೋತ ಮರುವರ್ಷ. ನನಗೆ ಐದು.
ಎಲ್ಲರೂ ತಂದೊಪ್ಪಿಸಬೇಕೆಂದು ಆಜ್ಞೆ.
ಅಜ್ಜಿ ನನ್ನ ಹೊದಿಕೆಯಲ್ಲಿ ಸುತ್ತಿ
ಕೂಸಿನ ಹಾಗೆ ಎತ್ತಿಕೊಂಡು ಠಾಣೆಗೆ ನಡೆದಳು.
ಬರುವಾಗ ಬರಿಗೈ.
ಹೊದಿಕೆಯನ್ನೂ ಅಲ್ಲೇ ಇಟ್ಟುಕೊಂಡರು.
ದಾರಿಯುದ್ದ ಅತ್ತೆ ನಾನು.
ಹೊದಿಕೆಗೆ."

ಭುಜಗಳು ಹಗುರಾದವು; ಅಭ್ಯಾಸವಿಲ್ಲದೆ ಒಮ್ಮೆ ತೂರಾಡಿದೆ.
ಅವಳು ಒಲೆಯ ಬಳಿ ಕೂರಿಸಿ ಚಹಾಕ್ಕೆ ನೀರಿಟ್ಟಳು,
ತೊಗಟೆಯ ಡಬ್ಬಿ ತೆರೆದು ಎಲೆ ಅಳೆದಳು.
ಮುಚ್ಚಳವನ್ನು ಬಾಯಿಗೆ ಕೂರಿಸಿ
ಕೈ ಬಿಟ್ಟಳು. ಒತ್ತಲಿಲ್ಲ.
ತನ್ನ ಭಾರಕ್ಕೆ ತಾನೇ,
ಒಳಗಿನ ಗಾಳಿಗೆ ದಾರಿ ಬಿಡುತ್ತ,
ಇಳಿಯತೊಡಗಿತು ಅದು.

ಹೊರಗೆ ಹುಡುಗ ಮುಂದಿನವರ ಹೆಸರು ಕರೆದ.
ಅಜ್ಜಿ ಏಳಲಿಲ್ಲ.
ಮುಚ್ಚಳ ಇನ್ನೂ ಒಂದು ಕೂದಲೆಳೆ ಮೇಲಿತ್ತು.